ಶರತ್ಕಾಲದ ಬೆಟ್ಟ ಸುತ್ತಾಟ: ಎಲ್ಲರನ್ನೂ ಕರ್ಕೊಂಡು ಹೋದ್ರೆ ನಾವಿಬ್ಬರು ಎಲ್ಲಿ?

ಕೊನೇ ತಿರುವು ಕೇಳಿದ್ದು:

ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಪ್ರಶ್ನೆ ಕೊನೆಯಲ್ಲಿದೆ.

ನಾನು, ನನ್ನ ಗಂಡ ಇಬ್ಬರೂ ಬೆಟ್ಟದ ಹುಚ್ಚಿನವರು. ಮದುವೆಗೆ ಮುಂಚೆ ನಮ್ಮ ಓಡಾಟವೆಲ್ಲ ಬೆಟ್ಟದಲ್ಲೇ. ಅದರಲ್ಲೂ ಶರತ್ಕಾಲ ಅಂದ್ರೆ ಇಬ್ಬರಿಗೂ ಪ್ರಾಣ. ಬೇಸಿಗೆಯ ಜನಜಂಗುಳಿ ಇರುವುದಿಲ್ಲ. ಗಾಳಿ ತಿಳಿಯಾಗಿ, ದೂರದ ಸಾಲುಗಳೂ ಗೆರೆ ಎಳೆದ ಹಾಗೆ ಕಾಣುತ್ತವೆ. ಮದುವೆಯಾದ ಮೇಲೆ "ಇಷ್ಟು ಚಂದದ್ದನ್ನ ನಾವಿಬ್ಬರೇ ನೋಡೋದಾ" ಅಂತ ಮನೆಯವರನ್ನೂ ಸ್ನೇಹಿತರನ್ನೂ ಕರೆಯೋಕೆ ಶುರು ಮಾಡಿದೆವು. ಈಗ ಮೂರು ವರ್ಷದಿಂದ ಅದೇ ರೂಢಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನ ತನಕ ಮೂರೋ ನಾಲ್ಕೋ ಭಾನುವಾರ.

ಕಳೆದ ವರ್ಷ ಅಕ್ಟೋಬರ್ ಕೊನೆಯದು ಮಾತ್ರ ಪೂರ್ತಿ ಕೆಟ್ಟುಹೋಯಿತು. ಒಟ್ಟು ಒಂಬತ್ತು ಜನ. ನಾವಿಬ್ಬರು, ಅತ್ತೆ ಮಾವ, ನನ್ನ ತಮ್ಮ ಮತ್ತು ಅವನ ಹೆಂಡತಿ, ಇವರ ಸ್ನೇಹಿತ ದಂಪತಿ, ಅವರ ಏಳು ವರ್ಷದ ಮಗಳು. ಹೋಗಿ ಬರುವುದು ಸೇರಿ 11 ಕಿಲೋಮೀಟರ್, ಏರು 700 ಮೀಟರ್. ನಮಗಿಬ್ಬರಿಗೆ ಅದು ಅರ್ಧ ದಿನದ ಕೆಲಸ. 9 ಗಂಟೆಗೆ ಹೊರಡುವುದು ಅಂತ ಮಾತಾಗಿತ್ತು. ಒಂದು ಕಾರು ತಡವಾಗಿ, ನಡೆಯೋಕೆ ಶುರು ಮಾಡಿದ್ದೇ 10.40ಕ್ಕೆ.

ಇವರು ಮುಂದೆ, ಸ್ನೇಹಿತನ ಜೊತೆ. ನಾನು ಹಿಂದೆ, ಅತ್ತೆಯವರ ಜೊತೆ. ಯಾರೂ ಹೀಗೆ ಅಂತ ತೀರ್ಮಾನ ಮಾಡಿದ್ದಲ್ಲ, ಪ್ರತಿ ಸಲ ತಾನಾಗೇ ಹಾಗಾಗುತ್ತದೆ. ದಾರಿಯುದ್ದಕ್ಕೂ ಮೇಲಿಂದ "ಇನ್ನೇನು ಹತ್ತೇ ನಿಮಿಷ" ಅನ್ನೋ ಕೂಗು. ಹತ್ತು ನಿಮಿಷ ನಾಲ್ಕು ಸಲ ಬಂತು. ತುದಿ ತಲುಪಿದೆವು ನಿಜ. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ. ಅತ್ತೆ ಮಾತ್ರ ಕಲ್ಲಿಗೆ ಕೈ ಊರಿ ನಿಂತಿದ್ದಾರೆ. ಅದನ್ನ ನಾನು ನೋಡಿದ್ದು ಮನೆಗೆ ಬಂದ ಮೇಲೆ.

ಇಳಿಯುವಾಗ ಅವರ ಮಂಡಿ ಕೈಕೊಟ್ಟಿತು. ಸೂರ್ಯ 5.45ಕ್ಕೆ ಮುಳುಗಿದ. ಮರದ ಕೆಳಗೆ ಕತ್ತಲಾಗಿದ್ದು ಅದಕ್ಕೂ ಮೊದಲೇ. ಟಾರ್ಚ್ ಯಾರೂ ತಂದಿರಲಿಲ್ಲ, ಮೊಬೈಲ್ ಇದೆಯಲ್ಲ ಅಂತ ಸುಮ್ನೆ ಇದ್ದೆವು. ಚಳಿಗೆ ಎರಡು ಫೋನು ಆಫ್ ಆದವು. ಒಂದು ಫೋನಿನ ಬೆಳಕು, ಅದು ಬಿದ್ದಲ್ಲೆಲ್ಲ ಒದ್ದೆ ಎಲೆ. ಎಲೆ ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ಗೊತ್ತಾಗುತ್ತಿರಲಿಲ್ಲ. ಅತ್ತೆ ನನ್ನ ಮೊಣಕೈ ಮೇಲೆ ಹಿಡಿದಿದ್ದ ಹಿಡಿತ ಮರುದಿನ ನೀಲಿಯಾಗಿ ಬಂದಿತ್ತು. ನಡುನಡುವೆ "ನೀನು ಹೋಗಮ್ಮ, ನಾನು ಮೆಲ್ಲಗೆ ಬರ್ತೀನಿ" ಅನ್ನೋರು. ಕತ್ತಲಲ್ಲಿ ಎಲ್ಲಿಗೆ ಹೋಗಲಿ ನಾನು?

ಕಾರಿನ ಹತ್ತಿರ ಬಂದಾಗ 6.50. ಇವರು ಮತ್ತೆ ಸ್ನೇಹಿತ ಅರ್ಧ ಗಂಟೆ ಮುಂಚೆಯೇ ಬಂದು, ಕಾರಿನ ಹೀಟರ್ ಹಾಕಿ ಕಾಯುತ್ತಿದ್ದರು. "ಮಗುಗೆ ಚಳಿಯಾಗ್ತಿತ್ತು, ಅದಕ್ಕೆ ಬೇಗ ಇಳಿದ್ವಿ" ಅಂದರು. ಅದೂ ಸುಳ್ಳಲ್ಲ. ಆದರೆ ಆ ಇಡೀ ದಿನ ನಾವಿಬ್ಬರು ಒಬ್ಬರಿಗೊಬ್ಬರು ಆಡಿದ ಮಾತು ಹತ್ತು ವಾಕ್ಯ ಇರಲಿಕ್ಕಿಲ್ಲ. ಮನೆಗೆ ಬಂದ ಮೇಲೆ ಆಡಿದ ಮಾತು ಇಲ್ಲಿ ಬರೆಯೋದು ಬೇಡ.

ಮತ್ತೆ ಸೀಸನ್ ಬರುತ್ತಿದೆ. ಎಲ್ಲರೂ "ಯಾವಾಗ?" ಅಂತ ಕೇಳುತ್ತಿದ್ದಾರೆ, ಆಶ್ಚರ್ಯ ಅಂದ್ರೆ ಅತ್ತೆ ಕೂಡ. ಎಲ್ಲರನ್ನೂ ಕರೆದುಕೊಂಡು ಹೋಗಿಯೂ ನಾವಿಬ್ಬರು ಆ ದಿನವನ್ನು ಅನುಭವಿಸೋದು ಸಾಧ್ಯನಾ? ಅಥವಾ ಸುಮ್ನೆ ಇಬ್ಬರೇ ಹೋಗಿ ಬಂದು ಫೋಟೋ ತೋರಿಸೋದು ವಾಸಿನಾ?

---

ಬಿಸಿಲುಕೋಲು:

ಇಬ್ಬರೇ ಹೋಗಿ. ಮುಗೀತು.

---

ಲೆಕ್ಕದ ಮನುಷ್ಯ:

ಮೇಲಿನವರು ಹೇಳಿದ ಹಾಗೆ ಮಾಡಬೇಡಿ. ಸಮಸ್ಯೆ ಜನರದ್ದಲ್ಲ, ಗಡಿಯಾರದ್ದು.

ವಿಲಿಯಂ ನೇಸ್ಮಿತ್ ಅಂತ ಸ್ಕಾಟ್‌ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಈಗಿನ ಅಳತೆಯಲ್ಲಿ ಹೇಳೋದಾದ್ರೆ ನಕ್ಷೆ ಮೇಲಿನ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಹಾಕಿ ನೋಡೋಣ. 11 ಕಿಲೋಮೀಟರಿಗೆ 2 ಗಂಟೆ 12 ನಿಮಿಷ. 700 ಮೀಟರ್ ಏರಿಗೆ 1 ಗಂಟೆ 10 ನಿಮಿಷ. ಒಟ್ಟು 3 ಗಂಟೆ 22 ನಿಮಿಷ. ಆದರೆ ಇದು ಗಟ್ಟಿ ಕಾಲಿನವರು ಎಲ್ಲೂ ಕೂರದೆ ನಡೆದರೆ. ಮಕ್ಕಳು, ಹಿರಿಯರು ಇದ್ದರೆ ನಾನು ಒಂದೂವರೆ ಪಟ್ಟು ಹಾಕುತ್ತೇನೆ. ಅಲ್ಲಿಗೆ 5 ಗಂಟೆ. ಊಟ, ಫೋಟೋ, ಶೂ ಲೇಸು, ಒಬ್ಬರಿಗಾಗಿ ಇನ್ನೊಬ್ಬರು ಕಾಯೋದು, ಒಂಬತ್ತು ಜನಕ್ಕೆ ಎಲ್ಲ ಸೇರಿ 2 ಗಂಟೆ ಖಂಡಿತ. 7 ಗಂಟೆ ಆಯ್ತು. 10.40ಕ್ಕೆ 7 ಸೇರಿಸಿದರೆ 5.40. ಸೂರ್ಯ ಮುಳುಗಿದ್ದು 5.45.

ನೋಡಿದ್ರಾ? ನಿಮ್ಮ ಅತ್ತೆಯವರ ಮಂಡಿ ಒಂದು ಚೂರೂ ನೋಯದೆ ಇದ್ದಿದ್ದರೂ ನೀವು ತಲುಪುತ್ತಿದ್ದದ್ದು ಸೂರ್ಯ ಮುಳುಗೋಕೆ 5 ನಿಮಿಷ ಇದ್ದಾಗ. ತಪ್ಪಾಗಿದ್ದು ಕಾರಿನ ಹತ್ತಿರ, ಬೆಳಗ್ಗೆಯೇ. ತಡವಾದ ತಕ್ಷಣ ಗುರಿ ಮೊಟಕು ಮಾಡಬೇಕಿತ್ತು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಸೆಪ್ಟೆಂಬರ್ 22 ಅಥವಾ 23ರ ಸುಮಾರಿಗೆ ಹಗಲು ರಾತ್ರಿ ಸಮ. ಅದರ ಆಸುಪಾಸಿನಲ್ಲೇ ಹಗಲು ಅತಿ ವೇಗವಾಗಿ ಕಡಿಮೆಯಾಗೋದು. 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ದಿನಕ್ಕೆ ಸುಮಾರು 3 ನಿಮಿಷ, ಅಂದ್ರೆ ತಿಂಗಳಿಗೆ ಒಂದೂವರೆ ಗಂಟೆ. ಸೆಪ್ಟೆಂಬರಿನಲ್ಲಿ ಆರಾಮಾಗಿ ಮುಗಿಸಿದ ದಾರಿ ಅಕ್ಟೋಬರ್ ಕೊನೆಗೆ ಕತ್ತಲಲ್ಲಿ ಮುಗಿಯುತ್ತದೆ.

ಹಾಗಾಗಿ ಗುರಿಯನ್ನ ಜಾಗವಾಗಿ ಇಟ್ಟುಕೊಳ್ಳಬೇಡಿ, ಹೊತ್ತಾಗಿ ಇಟ್ಟುಕೊಳ್ಳಿ. "12.30ಕ್ಕೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್." ಬೆಳಗ್ಗೆ ಹೊರಡುವಾಗಲೇ ಎಲ್ಲರ ಎದುರು ಹೇಳಿ. ಮೇಲೆ ಹೋದ ಮೇಲೆ ಹೇಳಿದರೆ ಅದು ಜಗಳ. ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು, ಅದರಲ್ಲಿ ಚರ್ಚೆ ಇಲ್ಲ. ಫೋನನ್ನ ಅಂಗಿಯ ಒಳಜೇಬಿನಲ್ಲಿಡಿ, ಮೈ ಬಿಸಿಗೆ ಬ್ಯಾಟರಿ ಉಳಿಯುತ್ತದೆ.

---

ಮೂವರ ಅಪ್ಪ:

ಲೆಕ್ಕದವರ ಮಾತು ಸರಿ, ಆದರೆ ಏಳು ವರ್ಷದ ಹುಡುಗಿಗೆ ನೇಸ್ಮಿತ್ ಗೊತ್ತಿಲ್ಲ. :)

ನನ್ನ ಅನುಭವದಲ್ಲಿ ಮಕ್ಕಳು ಸುಸ್ತಾಗೋದಕ್ಕಿಂತ ಜಾಸ್ತಿ ಬೇಜಾರಾಗುತ್ತಾರೆ. "ಇನ್ನೆಷ್ಟು ದೂರ" ಅಂತ ಅಳುತ್ತಿದ್ದವಳು ಕೋಲೊಂದು ಸಿಕ್ಕರೆ ಓಡುತ್ತಾಳೆ. ನಾವು ಒಂದು ಕೆಲಸ ಕೊಡುತ್ತೇವೆ. ಮರದ ಮೇಲೆ, ಕಲ್ಲಿನ ಮೇಲೆ ಬಣ್ಣದ ದಾರಿಗುರುತು ಇರುತ್ತದಲ್ಲ, ಮುಂದಿನದನ್ನ ಹುಡುಕೋದು ಅವರ ಜವಾಬ್ದಾರಿ. ಸಿಕ್ಕಿದ ಕೂಡಲೇ ಕೂಗಬೇಕು. ನಮ್ಮ ಎರಡನೆಯವನು ಗುರುತು ತಪ್ಪಿದ್ದನ್ನ ನನಗಿಂತ ಮೊದಲು ಹೇಳಿದ್ದಿದೆ.

ಚಳಿ ಬಗ್ಗೆ ಒಂದು ಮಾತು. ಮೇಲೆ ಹೋದ ಹಾಗೆ ಪ್ರತಿ 1,000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ. ಅದಕ್ಕೆ ಗಾಳಿ ಸೇರಿದರೆ ಮುಗೀತು ಕಥೆ. ಏರುವಾಗ ಮಗು ಬೆವರುತ್ತದೆ, ತುದಿಯಲ್ಲಿ ಕೂತ ಐದೇ ನಿಮಿಷಕ್ಕೆ ನಡುಗುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗೋದೇ ಇಲ್ಲ, ಮೈಗಂಟಿ ಚಳಿ ಹಿಡಿಸುತ್ತದೆ. ಒಂದು ಒಣ ಬನಿಯನ್ ಚೀಲದಲ್ಲಿರಲಿ. ತುದಿಗೆ ಹೋದ ಕೂಡಲೇ ಮೊದಲು ಅದು, ಆಮೇಲೆ ಫೋಟೋ. ದೊಡ್ಡವರಿಗೂ ಇದೇ. ಆದರೆ ದೊಡ್ಡವರು ಕೇಳಲ್ಲ.

ಸೀಟಿ ಒಂದು ಇಟ್ಟುಕೊಳ್ಳಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಆಲ್ಪ್ಸ್ ಕಡೆಯಿಂದ ಬಂದ ಸಹಾಯದ ಕರೆ ಅದು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಮಕ್ಕಳಿಗೆ ಹೇಳಿಕೊಟ್ಟ ದಿನ ಮಾತ್ರ ನಿಮ್ಮ ಕಿವಿ ನಿಮ್ಮದಲ್ಲ.

---

ಎಲೆ ನೋಡುವವ:

ವಿಷಯ ಸ್ವಲ್ಪ ಬಿಟ್ಟು ಹೇಳುತ್ತೇನೆ. ನೀವೆಲ್ಲ ತುದಿ ತುದಿ ಅಂತ ಯಾಕೆ ಓಡುತ್ತೀರಿ? ಬಣ್ಣ ಇರೋದು ನಡು ಇಳಿಜಾರಿನಲ್ಲಿ. ತುದಿಯಲ್ಲಿ ಕಲ್ಲು, ಹುಲ್ಲು, ಗಾಳಿ.

ಎಲೆಯ ಹಳದಿ ಹೊಸದಾಗಿ ಬರೋದಲ್ಲ. ಬೇಸಿಗೆಯಿಡೀ ಹಸಿರಿನ ಹಿಂದೆ ಅಡಗಿರುತ್ತದೆ. ಹಗಲು ಕಡಿಮೆಯಾಗಿ ಚಳಿ ಬಿದ್ದಾಗ ಮರ ಹಸಿರು ಬಣ್ಣದ ಕ್ಲೋರೋಫಿಲ್ ಮಾಡೋದು ನಿಲ್ಲಿಸುತ್ತದೆ, ಇದ್ದದ್ದೂ ಒಡೆದುಹೋಗುತ್ತದೆ, ಆಗ ಹಳದಿ ಹೊರಬರುತ್ತದೆ. ಕೆಂಪಿನ ಕಥೆ ಬೇರೆ. ಅದನ್ನ ಮರ ಆ ಹೊತ್ತಿಗೆ ಹೊಸದಾಗಿ ಮಾಡುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ, ಇದು ಒಂದು ವಾರ ಸಿಕ್ಕರೆ ಕೆಂಪು ಜೋರು. ಬಣ್ಣ ಮೊದಲು ಬರೋದು ಎತ್ತರದಲ್ಲಿ, ಆಮೇಲೆ ದಿನದಿನಕ್ಕೆ ಕೆಳಗಿಳಿಯುತ್ತದೆ. ಅಂದ್ರೆ ಸೀಸನ್ ಕೊನೆಗೆ ಬಣ್ಣ ನೋಡೋಕೆ ಜಾಸ್ತಿ ಹತ್ತಬೇಕಾಗಿಯೇ ಇಲ್ಲ. ನೀವು ಅಕ್ಟೋಬರ್ ಕೊನೆಗೆ 700 ಮೀಟರ್ ಏರಿ, ಉದುರಿ ಹೋದ ಕಾಡು ದಾಟಿ ತುದಿಗೆ ಹೋಗಿದ್ದೀರಿ ಅಂತ ನನ್ನ ಊಹೆ.

ಹತ್ತಿರದಲ್ಲಿ ಲಾರ್ಚ್ ಮರ ಇದ್ದರೆ ಬಿಡಬೇಡಿ. ಸೂಜಿಯೆಲೆ ಮರವಾದರೂ ಶರತ್ಕಾಲದಲ್ಲಿ ಚಿನ್ನದ ಬಣ್ಣಕ್ಕೆ ತಿರುಗಿ, ಅಷ್ಟೂ ಸೂಜಿ ಉದುರಿಸಿ ಬರಿಮೈಯಾಗಿ ನಿಲ್ಲುತ್ತದೆ. ಗಾಳಿ ಬೀಸಿದಾಗ ಆ ಸೂಜಿ ಕಾಲರ್ ಒಳಗೆ ಹೋಗಿ ಮೂರು ದಿನ ಚುಚ್ಚುತ್ತವೆ. ಅದೊಂದು ಸಂತೋಷ ನನಗೆ.

ಕಣಿವೆಯಲ್ಲಿ ದಟ್ಟ ಮಂಜು ಇದೆ ಅಂತ ಮನೆಯಲ್ಲಿ ಕೂರಲೂಬೇಡಿ. ಈ ಕಾಲದಲ್ಲಿ ರಾತ್ರಿ ತಣ್ಣಗಾದ ಭಾರದ ಗಾಳಿ ಕೆಳಗೆ ಕೂತು ಮಂಜು ಕಟ್ಟುತ್ತದೆ. ಎಷ್ಟೋ ಸಲ ಅದನ್ನ ದಾಟಿ ಮೇಲೆ ಹೋದರೆ ಬಿಸಿಲು, ಕೆಳಗೆಲ್ಲ ಹಾಲು ಚೆಲ್ಲಿದ ಹಾಗೆ.

---

ಹಿಂದೆ ಬರುವ ಅಜ್ಜಿ:

ಮಗಳೇ, ನಾನು ನಿನ್ನ ಅತ್ತೆಯ ಜಾಗದವಳು. ಅರವತ್ತಾರು ವರ್ಷ. ಮಗ ಸೊಸೆ ಜೊತೆ ಪ್ರತಿ ವರ್ಷ ಹೋಗುತ್ತೇನೆ. ಅದಕ್ಕೆ ಈ ಕಡೆಯ ಮಾತನ್ನೂ ಒಂದು ಸ್ವಲ್ಪ ಕೇಳು.

ಬೇಗ ನಡೆಯುವವರು ಮೇಲೆ ಹೋಗಿ ಒಂದು ಕಡೆ ಕೂರುತ್ತಾರೆ. ನೀರು ಕುಡಿಯುತ್ತಾರೆ, ಹರಟುತ್ತಾರೆ, ಇಪ್ಪತ್ತು ನಿಮಿಷ ಆಗುತ್ತದೆ. ಅಷ್ಟರಲ್ಲಿ ನಾವು ಏದುಸಿರು ಬಿಡುತ್ತಾ ಬಂದು ಮುಟ್ಟುತ್ತೇವೆ. ಕೂಡಲೇ ಅವರು ಎದ್ದು "ಹಾಂ, ಬಂದ್ರಲ್ಲ, ಹೊರಡೋಣ್ವಾ?" ಅನ್ನುತ್ತಾರೆ. ಅವರ ವಿಶ್ರಾಂತಿ ಮುಗಿದಿರುತ್ತದೆ, ನಮ್ಮದು ಶುರುವೇ ಆಗಿರುವುದಿಲ್ಲ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಇಡೀ ದಿನ ಒಂದು ನಿಮಿಷವೂ ಸಿಗುವುದಿಲ್ಲ. "ಕೂತ್ಕೋತೀನಿ" ಅಂತ ಹೇಳೋಕೆ ನಾಚಿಕೆ. ನಿನ್ನ ಅತ್ತೆ ಕಲ್ಲಿಗೆ ಕೈ ಊರಿದ್ದು ಅದಕ್ಕೇ ಇರಬೇಕು ಅಂತ ನನಗನಿಸಿತು.

ನಮ್ಮ ಮನೆಯಲ್ಲಿ ಇದು ಸರಿಯಾಗಿದ್ದು ಹೇಗೆ ಅಂದ್ರೆ, ಸೊಸೆ ಒಂದು ದಿನ ನನ್ನನ್ನ ಎರಡನೇ ಜಾಗಕ್ಕೆ ಹಾಕಿದಳು. ಮುಂದೆ ದಾರಿ ನೋಡುವವನು ಒಬ್ಬ, ಅವನ ಹಿಂದೆ ನಾನು. ಅವನು ನನ್ನ ಉಸಿರು ಕೇಳಿಕೊಂಡು ನಡೆಯಬೇಕು. ಮಿಕ್ಕವರೆಲ್ಲ ನನ್ನ ಹಿಂದೆ. ತಮಾಷೆ ಅಂದ್ರೆ ಆ ದಿನ ನಾನು ಮುಂಚೆಗಿಂತ ಬೇಗ ನಡೆದೆ. ಹಿಂದೆ ಬೀಳುತ್ತೇನೆ ಅನ್ನುವ ಭಯವೇ ಅರ್ಧ ಸುಸ್ತು ಕಣಮ್ಮ.

ಇಳಿಯೋಕೆ ಎರಡು ಕೋಲು ಕೊಡಿಸು. ಇಳಿಜಾರಿನಲ್ಲಿ ಕೋಲನ್ನ ಸ್ವಲ್ಪ ಉದ್ದ ಮಾಡಿ, ಮೊದಲು ಕೋಲು ಊರಿ ಆಮೇಲೆ ಕಾಲು. ಮಂಡಿ ಮೇಲಿನ ಭಾರ ನಿಜವಾಗಿ ಕಡಿಮೆಯಾಗುತ್ತದೆ. ಏರೋದು ಉಸಿರಿಗೆ ಕಷ್ಟ, ಇಳಿಯೋದು ಮಂಡಿಗೆ. ಏರು ಮುಗಿಯಿತು ಅಂತ ಚಪ್ಪಾಳೆ ತಟ್ಟುವವರಿಗೆ ಇದು ಗೊತ್ತಾಗೋಕೆ ಇನ್ನೂ ಇಪ್ಪತ್ತು ವರ್ಷ ಬೇಕು.

ಇನ್ನು ನಿನ್ನ ನಿಜವಾದ ಪ್ರಶ್ನೆ. ನಿನ್ನ ಗಂಡ ಯಾಕೆ ಯಾವಾಗಲೂ ಮುಂದೆ ಇರಬೇಕು? ದಾರಿಗುರುತು ಇರುವ ದಾರಿ ಅಲ್ಲವಾ? ತಮ್ಮನ ಕೈಗೆ ನಕ್ಷೆ ಕೊಡು. ನೀವಿಬ್ಬರೂ ಎಲ್ಲರಿಗಿಂತ ಕೊನೆಯಲ್ಲಿ ಬನ್ನಿ. ಯಾರು ಕುಂಟುತ್ತಿದ್ದಾರೆ, ಯಾರ ಚೀಲ ಭಾರವಾಯಿತು, ಹಿಂದಿನಿಂದ ಎಲ್ಲ ಕಾಣುತ್ತದೆ. ಮತ್ತೆ ನಿಮ್ಮ ಹಿಂದೆ ಯಾರೂ ಇರುವುದಿಲ್ಲ. ಏನು ಬೇಕಾದರೂ ಮಾತಾಡಿಕೊಳ್ಳಬಹುದು.

---

ಕೊನೇ ತಿರುವು:

ಅಮ್ಮಾ, ನಿಮ್ಮ ಇಪ್ಪತ್ತು ನಿಮಿಷದ ಮಾತು ಓದಿ ನನಗೆ ಕಣ್ಣೀರು ಬಂತು. ಇವರಿಗೂ ಓದಿ ಹೇಳಿದೆ. "ಹಾಗೇ ಮಾಡ್ತಿದ್ವಾ ನಾವು?" ಅಂದರು. ಹಾಗೇ ಮಾಡ್ತಿದ್ವಿ.

ಎಲೆ ನೋಡುವವರಿಗೆ: ನಿಮ್ಮ ಊಹೆ ಸರಿ. ಉದುರಿ ಹೋದ ಕಾಡೇ. ಹೋಗಿ ಬಂದು ತಿಳಿಸುತ್ತೇನೆ.

---

ಬಿಸಿಲುಕೋಲು:

ನಾನಾದ್ರೂ ಇಬ್ಬರೇ ಹೋಗ್ತಿದ್ದೆ. ಆದರೆ ಅಜ್ಜಿ ಮಾತಿನ ಎದುರು ನಂದೇನೂ ಇಲ್ಲ.

---

ಕೊನೇ ತಿರುವು (ಮೂರು ವಾರದ ಮೇಲೆ):

ಹೋಗಿ ಬಂದೆವು. ಮತ್ತೆ ಅದೇ ಒಂಬತ್ತು ಜನ.

ಈ ಸಲ 8.15ಕ್ಕೇ ನಡಿಗೆ ಶುರು. ಏರು 350 ಮೀಟರ್ ಅಷ್ಟೇ, ಕಾಡಿನ ನಡುವಿನ ಒಂದು ಬಯಲಿಗೆ. ಅಲ್ಲಿಂದ ಮೇಲಿನ ದಿಣ್ಣೆಗೆ ಬೇಕಾದವರು ಹೋಗಿ 12.30ರೊಳಗೆ ವಾಪಸ್ ಬರಬೇಕು ಅಂತ ಕಾರಿನ ಹತ್ತಿರವೇ ಹೇಳಿದೆವು. ಹೋದವರು ತಮ್ಮ ಮತ್ತೆ ಇವರ ಸ್ನೇಹಿತ ಇಬ್ಬರೇ. ಇವರೂ ಹೋಗುತ್ತಾರೆ ಅಂದುಕೊಂಡಿದ್ದೆ. ಬೂಟು ಬಿಚ್ಚಿ ಹುಲ್ಲಿನ ಮೇಲೆ ಮಲಗಿಬಿಟ್ಟರು. 12.25ಕ್ಕೆ ಇಬ್ಬರೂ ಬಂದರು, ಮಂಜು ಮುಚ್ಚಿ ಏನೂ ಕಾಣಲಿಲ್ಲವಂತೆ. ಕೆಳಗೆ ನಮಗೆ ಒಳ್ಳೆ ಬಿಸಿಲಿತ್ತು. ಎಲೆ ನೋಡುವವರೇ, ನಿಮ್ಮ ಲೆಕ್ಕ ಉಲ್ಟಾ ಹೊಡೀತು! ಬಣ್ಣ ಮಾತ್ರ ನೀವು ಹೇಳಿದ ಜಾಗದಲ್ಲೇ ಇತ್ತು.

ತಮ್ಮ ಮುಂದೆ, ಅತ್ತೆ ಎರಡನೆಯವರು. ಹೊಸ ಕೋಲು ಮೊದಲ ಅರ್ಧ ಗಂಟೆ ಅವರ ಕಾಲಿಗೇ ಸಿಕ್ಕಿಕೊಂಡವು. ಆಮೇಲೆ ತಾಳ ಸಿಕ್ಕಿತು. ಹುಡುಗಿಗೆ ದಾರಿಗುರುತಿನ ಕೆಲಸ ಕೊಟ್ಟೆವು, 41 ಎಣಿಸಿದಳು. ಸೀಟಿ ವಿಷಯ ಮೂವರ ಅಪ್ಪ ಎಚ್ಚರಿಸಿದ್ದು ಸಾಲದು.

ನಾವಿಬ್ಬರು ಕೊನೆಯಲ್ಲಿ. ಮೊದಲು ವಿಚಿತ್ರ ಅನಿಸಿತು, ಏನು ಮಾತಾಡೋದು ಅಂತಲೇ ಗೊತ್ತಾಗಲಿಲ್ಲ. ಇವರ ಕಾಲು ಪದೇಪದೇ ಬೇಗ ಬೀಳುತ್ತಿತ್ತು, ಮುಂದಿನವರ ಬೆನ್ನಿಗೆ ಹೋಗಿ ಮುಟ್ಟುತ್ತಿದ್ದರು. ನಾನು ತೋಳು ಹಿಡಿದು ಎಳೆಯಬೇಕಾಯಿತು. ಇಳಿಯುವಾಗ ಇದ್ದಕ್ಕಿದ್ದಂತೆ ನಿಂತು, "ನೋಡು, ಅಮ್ಮ ಮೆಟ್ಟಿಲು ಬಂದಾಗೆಲ್ಲ ಬಲಗಾಲನ್ನೇ ಮೊದಲು ಇಡ್ತಾಳೆ. ಎಡಗಾಲು ಒಂದು ಸಲಾನೂ ಇಟ್ಟಿಲ್ಲ" ಅಂದರು. ಆಮೇಲೆ ಎಷ್ಟೋ ಹೊತ್ತು ಸುಮ್ಮನೆ ನಡೆದರು. ಬರುವ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾರೆ.

ಕೊನೆಯ ಒಂದು ಕಿಲೋಮೀಟರ್ ನಾವು ತುಂಬಾ ನಿಧಾನ ಮಾಡಿದೆವು. ಬೇಕು ಅಂತಲೇ. ಬೀಚ್ ಮರದ ಎಲೆ ಪಾದ ಮುಳುಗುವಷ್ಟು ಬಿದ್ದಿತ್ತು, ಒಣಗಿದ್ದವು ಈ ಸಲ, ಒದೆಯುತ್ತಾ ನಡೆದೆವು. ಮದುವೆಗೆ ಮುಂಚಿನ ಯಾವುದೋ ಮಳೆಯ ದಿನದ ಮಾತು ಬಂತು, ಯಾರು ದಾರಿ ತಪ್ಪಿಸಿದ್ದು ಅಂತ. ನಾನಲ್ಲ. ಅದು ಇನ್ನೂ ಇತ್ಯರ್ಥವಾಗಿಲ್ಲ.

ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಅತ್ತೆಯವರ ದನಿ. ಎರಡೂ ಕೋಲು ಮೇಲೆತ್ತಿ ಆಡಿಸುತ್ತಿದ್ದರು.

"ಬೇಗ ಬನ್ರೋ, ಕತ್ತಲಾಗುತ್ತೆ!"

ಗಂಟೆ ಎರಡು ಮುಕ್ಕಾಲು.